ನಮ್ಮ ಗೇಟಿನ ಪಕ್ಕ ಬೇಡವೆಂದ ಶೌಚಾಲಯ

ನಿಮ್ಮ ಬಿಲ್ಡಿಂಗಿನಲ್ಲೂ ಹೀಗಾಗಿದೆಯೇ, ನಿಜ ಹೇಳಿ. ನೀವು ಒಗ್ಗರಣೆಗೆ ಸಾಸಿವೆ ಹಾಕಿರುತ್ತೀರಿ, ಬೆಲ್ ಆಗುತ್ತದೆ. ಬಾಗಿಲು ತೆಗೆದರೆ ಪಕ್ಕದ ವಿಂಗಿನವರು ಯಾರೋ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ನಿಂತಿರುತ್ತಾರೆ. ಒಂದು ಸಹಿ ಅಷ್ಟೇ ಎನ್ನುತ್ತಾರೆ. ನೀವು ಕೈ ಒರೆಸಿಕೊಂಡು ಹಾಕಿ ಕಳಿಸುತ್ತೀರಿ. ಅದು ಬೀದಿನಾಯಿಗಳ ಪರವಾಗಿತ್ತೋ ವಿರುದ್ಧವಾಗಿತ್ತೋ ನಿಮಗೆ ಗೊತ್ತಿಲ್ಲ. ಸಾಸಿವೆ ಮಾತ್ರ ಸೀದಿರುತ್ತದೆ. ಮುಂಬೈಯಲ್ಲಿ ಸಹಿ ಹಾಕುವುದೆಂದರೆ ಅರಿಶಿನ ಕುಂಕುಮ ಕೊಟ್ಟ ಹಾಗೆ. ಬಾಗಿಲಿಗೆ ಬಂದವರನ್ನು ಸುಮ್ಮನೆ ಕಳಿಸಬಾರದು ಎಂದು ಕೊಡುತ್ತೇವೆ, ಆಮೇಲೆ ಮರೆಯುತ್ತೇವೆ.

ನಾನು ಆ ಪೆನ್ನು ಹಿಡಿದು ಬೆಲ್ ಒತ್ತುವವರ ಪೈಕಿ. ಫೋರ್ಟಿನ ಒಂದು ಆಫೀಸಿನಲ್ಲಿ ಬಹಳ ವರ್ಷ ಪತ್ರವ್ಯವಹಾರ ನೋಡಿಕೊಂಡವಳು. ನಾನೊಂದು ದೂರು ಬರೆದೆನೆಂದರೆ ಓದಿದವರಿಗೆ ತಾವೇ ತಪ್ಪು ಮಾಡಿದೆವೇನೋ ಅನಿಸಬೇಕು, ಹಾಗಿರುತ್ತದೆ. ಹಿಂದೊಮ್ಮೆ ನಮ್ಮ ಗಲ್ಲಿಗೆ ಸ್ಪೀಡ್ ಬ್ರೇಕರ್ ಬೇಕೆಂದು ಬರೆದು ಹಾಕಿಸಿದ್ದೆ. ಅದರ ಮೇಲೆ ಮೊದಲು ಸ್ಕೂಟರಿನಿಂದ ಬಿದ್ದವರು ನಮ್ಮ ಯಜಮಾನರು. ಬ್ಯಾಂಕಿನಲ್ಲಿರುವ ಮನುಷ್ಯ, ಮಾತು ಕಡಿಮೆ. ಎದ್ದು ಪ್ಯಾಂಟು ಕೊಡವಿಕೊಂಡು, ಚೆನ್ನಾಗಿ ಗಟ್ಟಿಯಾಗಿ ಕಟ್ಟಿದ್ದಾರೆ ಎಂದರಷ್ಟೇ.

ನಮ್ಮದು ವಡಾಲ. ಸ್ಟೇಷನ್ನಿಗೆ ಹೋಗುವ ಗಲ್ಲಿಯಲ್ಲಿ ಹಳೆಯ ಬಿಲ್ಡಿಂಗು, ಮೊದಲನೇ ಮಾಳಿಗೆ. ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಸಾಲಾಗಿ ಮಾರುವ ಹೆಂಗಸರು: ಸೊಪ್ಪಿನ ನೀಲವ್ವ, ಹೂವಿನವಳು, ಮೀನಿನವಳು, ಇನ್ನೂ ಒಂದಿಬ್ಬರು. ನೀಲವ್ವ ವಿಜಯಪುರದ ಕಡೆಯವಳು. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿ, ಅದರ ಜೊತೆ ಎರಡು ಹಿಡಿ ಉಪದೇಶವನ್ನೂ ಹಾಕುತ್ತಾಳೆ.

ಒಂದು ದಿನ ಗೇಟಿನ ಪಕ್ಕದ ಗೋಡೆಗೆ ವಾರ್ಡ್ ಆಫೀಸಿನ ನೋಟೀಸು ಅಂಟಿತು. ಅಲ್ಲೊಂದು ಸಾರ್ವಜನಿಕ ಶೌಚಾಲಯ ಕಟ್ಟುವ ತೀರ್ಮಾನವಾಗಿದೆ, ಆಕ್ಷೇಪಗಳಿದ್ದರೆ ತಿಳಿಸಿ ಎಂದು. ಬಿಲ್ಡಿಂಗ್ ಗ್ರೂಪಿನಲ್ಲಿ ಬೆಂಕಿ ಹತ್ತಿತು. ನಮ್ಮ ಸೆಕ್ರೆಟರಿ ಶಿರೋಡ್ಕರ್ ಕಾಕಾ ಗ್ರೌಂಡ್ ಫ್ಲೋರಿನವರು, ಅವರ ಹಾಲ್‌ನ ಕಿಟಕಿಗೆ ನೇರ ಎದುರು ಅದು ಏಳುವುದಿತ್ತು. ಸಂಜೆ ಮೀಟಿಂಗಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು. ಶೌಚಾಲಯ ಬೇಕೇ ಬೇಕು, ಬಡವರು ಎಲ್ಲಿ ಹೋಗಬೇಕು ಪಾಪ, ಆದರೆ ಇಲ್ಲಿ ಬೇಡ. ಹಾಗಾದರೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣು ನನ್ನ ಕಡೆ ತಿರುಗಿತು, ಏಕೆಂದರೆ ಬರೆಯುವವಳು ನಾನು.

ಬರೆದೆ. ವಾಸನೆ, ಅಪರಿಚಿತರ ಓಡಾಟ, ಹೆಂಗಸರು ಮಕ್ಕಳ ಸುರಕ್ಷತೆ, ಮನೆಗಳ ಬೆಲೆ. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಎರಡು ಸಲ ಓದುವ ಆಸೆಯಾಯಿತು. ಮಗಳು ಓದಿ, "ಅಮ್ಮಾ, ನೀನು ಟಾಯ್ಲೆಟ್‌ಗೆ ಅಗೇನ್‌ಸ್ಟಾ? ಸೀರಿಯಸ್ಲಿ?" ಎಂದಳು. ವಿರುದ್ಧವಲ್ಲ ಕಣೇ, ಜಾಗದ ಬಗ್ಗೆ ಭಿನ್ನಾಭಿಪ್ರಾಯ ಎಂದೆ. ಭಿನ್ನಾಭಿಪ್ರಾಯ ಅವಳಿಗೆ ಅರ್ಥವಾಗಲಿಲ್ಲ, ಇಂಗ್ಲಿಷಿನಲ್ಲಿ ಹೇಳಿದರೆ ಅರ್ಥವಾಗಿಬಿಡುತ್ತದೆಂದು ನಾನು ಹೇಳಲಿಲ್ಲ, ಚರ್ಚೆ ಅಲ್ಲಿಗೆ ಮುಗಿಯಿತು.

ಬಿಲ್ಡಿಂಗಿನ ಸಹಿಗಳು ಸಾಲದು, ಬೀದಿಯವರದೂ ಇದ್ದರೆ ತೂಕ ಬರುತ್ತದೆ ಎಂದು ಕಾಕಾ ಸೂಚಿಸಿದರು. ನಾನು ಇಳಿದು ನೀಲವ್ವನ ಹತ್ತಿರ ಹೋದೆ. ಏನ್ ಬರ್ದೀರಿ ಅದ್ರಾಗ ಎಂದು ಕೇಳಿದಳು. ಇಲ್ಲಿ ಅಗೆಯಲು ಶುರುಮಾಡಿದರೆ ನಿನ್ನ ಜಾಗ ಹೋಗುತ್ತದೆ, ಅದನ್ನು ನಿಲ್ಲಿಸಲು ಎಂದೆ. ಸುಳ್ಳಲ್ಲ. ಏನು ಕಟ್ಟಲು ಅಗೆಯುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು ಪೆನ್ನು ತೆಗೆದುಕೊಂಡು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೂರಿಸಿ ಹೆಸರು ಬರೆದಳು. ಅಷ್ಟು ಸಹಿಗಳಲ್ಲಿ ಕನ್ನಡದ್ದು ಅದೊಂದೇ. ನನ್ನ ಎದೆ ಉಬ್ಬಿತು. ನನ್ನದು ಇಂಗ್ಲಿಷಿನಲ್ಲಿತ್ತು.

ನಾವು ಗೆದ್ದೆವು. ನಾಗರಿಕರ ತೀವ್ರ ಆಕ್ಷೇಪದ ಕಾರಣ ಯೋಜನೆ ಕೈಬಿಡಲಾಗಿದೆ ಎಂದು ವಾರ್ಡ್ ಆಫೀಸಿನಿಂದ ಪತ್ರ ಬಂತು. ಕಾಕಾ ಪೇಡಾ ಹಂಚಿದರು. ನಮ್ಮ ನಗರಸೇವಕರಿಗೂ, ಅಂದರೆ ಕಾರ್ಪೊರೇಟರಿಗೂ, ಈ ಹೋರಾಟಕ್ಕೂ ಸಂಬಂಧವಿರಲಿಲ್ಲ, ಆದರೂ ಅಭಿನಂದನೆಯ ಬ್ಯಾನರು ಅವರದೇ. ಅವರ ಮುಖ ಬಾಗಿಲಿನಷ್ಟು, ಮೂಲೆಯಲ್ಲಿ ನನ್ನದು ಸ್ಟಾಂಪಿನಷ್ಟು. ಅದನ್ನು ಶೌಚಾಲಯ ಬರಬೇಕಿದ್ದ ಜಾಗದಲ್ಲೇ ಕಟ್ಟಿದರು. ಬ್ಯಾನರು ಕಟ್ಟಿದ ಮೇಲೆ ಅದರ ಹಿಂದೆ ಒಂದು ಮರೆ ಆಯಿತು. ಗಂಡಸರಿಗೆ ಅಷ್ಟು ಸಾಕು. ಕಟ್ಟಡ ಬರಲಿಲ್ಲ, ವಾಸನೆ ಮಾತ್ರ ಬಂತು. ಕಾಕಾ ಕಿಟಕಿ ಮುಚ್ಚಿದರು. ನನ್ನ ಫೋಟೋಗೆ ಮುಚ್ಚಿಕೊಳ್ಳಲು ಏನೂ ಇರಲಿಲ್ಲ.

ಗಂಡಸರ ಕಥೆ ಅಲ್ಲಿಗೆ ಮುಗಿಯಿತು. ನೀಲವ್ವನಿಗೆ ನಿಜ ಗೊತ್ತಾದದ್ದು ಆ ಬ್ಯಾನರಿನಿಂದಲೇ. ಅದರಲ್ಲಿ ಮರಾಠಿಯಲ್ಲಿ ಏನು ಬರೆದಿದೆಯೆಂದು ಹೂವಿನವಳು ಓದಿ ಹೇಳಿದ್ದಳು. ಮರುದಿನ ನಾನು ಮೆಂತ್ಯೆ ಆರಿಸುತ್ತಿದ್ದಾಗ ಅವಳು ಜಗಳ ಮಾಡಲಿಲ್ಲ, ತಲೆ ಎತ್ತಲೂ ಇಲ್ಲ. "ಮುಂಜಾನಿಂದ ನೀರ ಕುಡಿಯಂಗಿಲ್ರಿ ನಾನು. ಕುಡದ್ರ ಹೋಗಬೇಕಾಗ್ತದ. ಸ್ಟೇಷನ್ನಿಗೆ ಹೋದ್ರ ಅಷ್ಟೊತ್ತು ಬುಟ್ಟಿ ಯಾರ ನೋಡ್ತಾರ? ಡಾಕ್ಟರ ಬೈದಾನ, ನೀರ ಕುಡೀಬೇಕಂತ. ಈಗ ನೀವ ಹೇಳ್ರಿ ಅಕ್ಕಾರ, ಎಲ್ಲಿ ಹೋಗ್ಲಿ?"

ಇಷ್ಟು ವರ್ಷ ಅವಳ ಸೊಪ್ಪು ತಿಂದಿದ್ದೇನೆ. ದಿನವಿಡೀ ಸೊಪ್ಪಿಗೆ ನೀರು ಚಿಮುಕಿಸುವ ಹೆಂಗಸು ತಾನು ಒಂದು ಗುಟುಕು ಕುಡಿಯುವುದಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬೇಕಾದಾಗ ನಮ್ಮ ಮನೆಗೆ ಬಾ ಎಂದುಬಿಟ್ಟೆ. ನಾವೆಲ್ಲ ಊರಿಗೆ ಬನ್ನಿ, ಊಟಕ್ಕೆ ಬನ್ನಿ ಎನ್ನುತ್ತೇವಲ್ಲ, ಆ ಧಾಟಿಯಲ್ಲಿ ಅಂದದ್ದು. ನೀಲವ್ವ ಅದನ್ನು ಆ ಧಾಟಿಯಲ್ಲಿ ಕೇಳಿಸಿಕೊಳ್ಳಲಿಲ್ಲ.

ಮರುದಿನ ಅವಳು ಬಂದಳು. ಅದರ ಮರುದಿನ ಹೂವಿನವಳನ್ನು ಕರೆತಂದಳು. ಆಮೇಲೆ ಮೀನಿನವಳು ಬಂದಳು, ಬಾಗಿಲಲ್ಲೇ ನಿಂತು ತನ್ನ ಕೈ ವಾಸನೆ ಬರುತ್ತದೆಂದು ಸಂಕೋಚಪಟ್ಟು, ಆಮೇಲೆ ಅಭ್ಯಾಸವಾಗಿ ಸಂಕೋಚ ಬಿಟ್ಟಳು. ನಮ್ಮದು ಒಂದೇ ಶೌಚಾಲಯದ ಮನೆ. ನನ್ನ ಮನೆಯಲ್ಲಿ ನಾನೇ ಸರದಿ ಕಾಯತೊಡಗಿದೆ. ಬುಟ್ಟಿ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಆ ಕೆಲಸ ಭಾನುವಾರಗಳಲ್ಲಿ ಯಜಮಾನರ ಪಾಲಿಗೆ ಬಂತು. ಪೇಪರ್ ಓದುತ್ತ ಸೊಪ್ಪಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಗ ಅವರ ಬ್ರಾಂಚಿನ ಮ್ಯಾನೇಜರರೇ ಬಂದು, ಮುಖ ನೋಡದೆ, ಪಾಲಕ್ ತಾಜಾ ಇದೆಯಾ ಎಂದು ಕೇಳಿದರಂತೆ. ಇದೆ ಸರ್ ಎಂದರಂತೆ ಇವರು.

ಗ್ರೂಪಿನಲ್ಲಿ ಮೆಲ್ಲಗೆ ಗುಸುಗುಸು ಶುರುವಾಯಿತು. ಮೆಟ್ಟಿಲ ಮೇಲೆ ಮೀನಿನ ನೀರು, ಯಾರ್ಯಾರೋ ಹತ್ತಿ ಇಳಿಯುತ್ತಾರೆ. ಒಂದು ಸಂಜೆ ನನಗೆ ಬಿಲ್ಡಿಂಗ್ ಸೊಸೈಟಿಯ ನೋಟೀಸು ಬಂತು, ಜೊತೆಗೆ ಎಲ್ಲರೂ ಸಹಿ ಮಾಡಿದ ಅರ್ಜಿ. ಓದುತ್ತ ಹೋದ ಹಾಗೆ, ಎಷ್ಟು ಚೆನ್ನಾಗಿ ಬರೆದಿದ್ದಾರಲ್ಲ ಅನಿಸಿತು. ವಾಸನೆ, ಅಪರಿಚಿತರ ಓಡಾಟ, ಹೆಂಗಸರು ಮಕ್ಕಳ ಸುರಕ್ಷತೆ, ಮನೆಗಳ ಬೆಲೆ. ನನ್ನದೇ ಅರ್ಜಿ. ಫುಟ್‌ಪಾತ್ ಎಂದಿದ್ದ ಕಡೆ ನಮ್ಮ ಮನೆ ನಂಬರ್ ಹಾಕಿದ್ದರು, ಅಷ್ಟೇ. ಕಾಮಾ ಸಹ ಬದಲಾಗಿರಲಿಲ್ಲ.

ಸಹಿಗಳ ಮೇಲೆ ಬೆರಳಾಡಿಸುತ್ತ ಕೊನೆಗೆ ಬಂದೆ. ಅಲ್ಲಿ ಒಂದೊಂದೇ ಅಕ್ಷರ ಕೂರಿಸಿ ಬರೆದ ಒಂದು ಕನ್ನಡದ ಸಹಿ ಇತ್ತು.

ನಾನು ಚಪ್ಪಲಿ ಹಾಕದೆ ಇಳಿದೆ. ನೀಲವ್ವಾ, ಇದಕ್ಕೂ ಹಾಕಿದೆಯಲ್ಲ, ಯಾವುದರ ವಿರುದ್ಧ ಅಂತ ಗೊತ್ತಾ ಎಂದು ಕೇಳಿದೆ. ಅವಳು ಸಬ್ಬಸಿಗೆಯ ಕಟ್ಟು ಬಿಗಿಯುತ್ತ, "ಗೊತ್ತ ಐತ್ರಿ. ಈ ಸಲ ಕೇಳಿಯೇ ಹಾಕೇನಿ. ಹ್ವಾದ ಸಲ ಸಹಿ ಹಾಕಿದ್ದಕ್ಕ ನಿಮ್ಮ ಮನಿ ಸಿಕ್ತು. ಈ ಸಲ ಕಾಕಾರ ಮನಿ ಸಿಗಬಹುದು. ತಳದಾಗ ಐತಿ, ಮೆಟ್ಲ ಹತ್ತೂದು ತಪ್ಪತದ" ಎಂದಳು.

ಪಕ್ಕದಲ್ಲಿ ಮೀನಿನವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಸಬ್ಬಸಿಗೆ ಕೊಂಡು ಮೇಲೆ ಬಂದೆ. ನಮ್ಮ ಮನೆಯಲ್ಲಿ ಸಬ್ಬಸಿಗೆ ಯಾರೂ ತಿನ್ನುವುದಿಲ್ಲ.

ಮರುದಿನ ವಾರ್ಡ್ ಆಫೀಸಿಗೆ ಹೋದೆ. ಆ ಶೌಚಾಲಯ ದಯವಿಟ್ಟು ಕಟ್ಟಿಕೊಡಿ ಎಂದೆ. ಅಲ್ಲಿನ ಸಾಹೇಬರು ಫೈಲು ತೆಗೆದು ನನ್ನ ಮುಖ ನೋಡಿ, ಫೈಲು ನೋಡಿ, ಮತ್ತೆ ಮುಖ ನೋಡಿದರು. ಬ್ಯಾನರು ಅವರೂ ಕಂಡಿದ್ದರು. "ಮೇಡಂ, ಆಪ್ ಹೀ ನೇ ತೋ ಬಂದ್ ಕರವಾಯಾ. ಕಿತನಾ ಅಚ್ಛಾ ಲಿಖಾ ಹೈ." ನಿಲ್ಲಿಸಿದ್ದು ನೀವೇ ಅಲ್ಲವೇ, ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು. ಅಷ್ಟು ಒಳ್ಳೆಯ ಆಕ್ಷೇಪವನ್ನು ಮೀರಿ ನಡೆಯುವುದು ಕಷ್ಟ, ಜನರೇ ಬೇಕು ಎನ್ನುತ್ತಾರೆಂದು ತೋರಿಸುವ ಹೊಸ ಸಹಿಗಳನ್ನು ತನ್ನಿ, ನೋಡೋಣ ಎಂದು ಕಳಿಸಿದರು.

ಹಾಗಾಗಿ ಈಗ ಮತ್ತೆ ಕಾಗದ, ಪೆನ್ನು. ಅವೇ ಬಾಗಿಲುಗಳು, ಅವೇ ಬೆಲ್ಲುಗಳು. ಶೌಚಾಲಯ ಬೇಕೇ ಬೇಕು ಎಂದು ಎಲ್ಲರೂ ಒಪ್ಪುತ್ತಾರೆ, ಗಲ್ಲಿಯ ಆ ತುದಿಯಲ್ಲಾದರೆ ಈಗಲೇ ಸಹಿ ಎನ್ನುತ್ತಾರೆ. ಆ ತುದಿಯವರು ಈ ತುದಿ ತೋರಿಸುತ್ತಾರೆ. ಕಾಕಾ ಬಾಗಿಲು ಅರ್ಧ ತೆರೆದು ನೀರು ಬೇಕಾ ಎಂದು ಕೇಳಿದರು, ಪೆನ್ನು ಮುಟ್ಟಲಿಲ್ಲ. ಮಗಳು ಹಾಕಿದಳು. ನೀಲವ್ವ ಯಾರ ಮನೆ ಸಿಗುತ್ತದೆಂದು ಕೇಳಿ ಹಾಕಿದಳು. ಯಜಮಾನರ ಮುಂದೆ ಇಟ್ಟಾಗ ಅವರು ಕನ್ನಡಕ ಹಾಕಿಕೊಂಡು, "ತಾಳು, ಮೊದಲು ಓದುತ್ತೇನೆ" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೊಟ್ಟ ಕಾಗದವನ್ನು ಅವರು ಓದಿ ಸಹಿ ಮಾಡಿದ್ದು ಇದೇ ಮೊದಲು.

ಸೊಸೈಟಿಯ ನೋಟೀಸಿಗೆ ಉತ್ತರ ಇನ್ನೂ ಕೊಟ್ಟಿಲ್ಲ. ನನ್ನ ಬರಹವನ್ನೇ ಖಂಡಿಸಿ ಬರೆಯಲು ಕೂತಿದ್ದೇನೆ, ಅದನ್ನು ಬರೆದ ಹೆಂಗಸಿನ ವಾದ ಬಹಳ ಗಟ್ಟಿ, ಎಲ್ಲಿ ಹಿಡಿದರೂ ಬಿಟ್ಟುಕೊಡುವುದಿಲ್ಲ. ನಿಮ್ಮ ಗಲ್ಲಿಯಲ್ಲಿ ನೀವು ಏನನ್ನು ಹೋರಾಡಿ ನಿಲ್ಲಿಸಿದಿರಿ, ಆಮೇಲೆ ಅದು ಯಾವ ಬಾಗಿಲಿನಿಂದ ನಿಮ್ಮ ಮನೆಗೇ ಬಂತು? ಕೆಳಗೆ ಬರೆಯಿರಿ, ಚಿಕ್ಕದಾದರೂ ಪರವಾಗಿಲ್ಲ. ಒಳಗೆ ಹೂವಿನವಳಿದ್ದಾಳೆ, ಅವಳ ಹಿಂದೆ ಮೀನಿನವಳು ನಿಂತಿದ್ದಾಳೆ, ಆಮೇಲೆ ನಾನು. ಓದಲು ನನಗೆ ಸಾಕಷ್ಟು ಸಮಯವಿದೆ.