ಒಂಬತ್ತನೇ ತೂಬಿನ ಮುಂದೆ ಎರಡು ಪ್ರೋಗ್ರಾಮುಗಳ ಉಪಚಾರ

ನೀರಿನ ಸರದಿ ವಿಭಾಗ, ನಾರ್‌ಬಾಗ್, ಸಾವೆ ಸೀಮೆ
ಸಂಖ್ಯೆ: ನೀಸ/ತೂಬು-9/ಉಪಚಾರ/02
ದಿನಾಂಕ: ಶಹ್ರಿವರ್ 19

ಸುತ್ತೋಲೆ

ವಿಷಯ: ಒಂದು ಭಾಷೆಯ ಪ್ರೋಗ್ರಾಮು ಇನ್ನೊಂದು ಭಾಷೆಯ ಪ್ರೋಗ್ರಾಮನ್ನು ಕರೆಯುವಾಗ ತೋರಬಹುದಾದ ಮರ್ಯಾದೆಯ ಮಿತಿ ಕುರಿತು.

ಉಲ್ಲೇಖ: ದಾಳಿಂಬೆ ತೋಟದ ಶ್ರೀಮತಿ ತೂರಾನ್ ಖಾನುಂ ಅವರು ಕೆಳಸಹಿದಾರರ ಮೇಜಿನ ಮೇಲೆ ಸುರಿದ ಒಂದು ಬುಟ್ಟಿ ಒಡೆದ ದಾಳಿಂಬೆ.

ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕೆಂಬುದನ್ನು ನಿವೃತ್ತ ಇಂಜಿನಿಯರ್ ಗೊಲ್‌ಚಿನ್ ಅವರು ಮೂವತ್ತು ವರ್ಷಗಳ ಹಿಂದೆ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಮಾತ್ರ ಬಲ್ಲದು. ತೋಟದವರ ಸರದಿಯನ್ನು ಫೋನಿನಲ್ಲಿ ಪಡೆಯುವ ಹೊಸ ಪ್ರೋಗ್ರಾಮನ್ನು ಕೆಳಸಹಿದಾರರು ಪೈಥಾನ್ ಭಾಷೆಯಲ್ಲಿ ಬರೆದಿರುತ್ತಾರೆ. ಹೊಸದು ಹಳೆಯದನ್ನು ಕರೆದು ತೂಬು ಎತ್ತಿಸಬೇಕು. ಇರುವುದು ಇಷ್ಟೇ ಕೆಲಸ, ಅದೂ ಆಗಲಿಲ್ಲ.

ಕರೆದವರು ಮೊದಲು ಮಾತಾಡಲಿ ಎಂದು ಹಳೆಯದು ಕಾಯುತ್ತದೆ. ಹಿರಿಯರ ಮುಂದೆ ಬಾಯಿ ಹಾಕುವುದು ಸಲ್ಲದೆಂದು ಕೆಳಸಹಿದಾರರು ಹೊಸದಕ್ಕೂ ಕಾಯುವುದನ್ನೇ ಕಲಿಸಿದ್ದರು. ಪ್ರಯೋಗಕ್ಕೆಂದು ಒಂಬತ್ತನೇ ತೂಬಿಗೆ ಇವನ್ನು ಜೋಡಿಸಿದ 7ನೇ ತಾರೀಖು "ಮೊದಲು ತಾವು", "ಛೆ ಛೆ, ತಾವಿರುವಾಗ ನಾನೇ?" ಎಂಬರ್ಥದ ಸಂದೇಶಗಳು ನಾಲ್ಕು ಲಕ್ಷ ಬಾರಿ ವಿನಿಮಯಗೊಂಡಿವೆ. ತೂಬು ಒಂದು ಬೆರಳಷ್ಟೂ ಎದ್ದಿಲ್ಲ. ಹನ್ನೆರಡು ದಿನಕ್ಕೊಮ್ಮೆ ಬರುವ ಖಾನುಂ ಅವರ ಸರದಿ ತಪ್ಪಿ, ಕಾಯಿ ಒಡೆದಿದೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಕರೆಯುವ ಪ್ರೋಗ್ರಾಮೇ ಮೊದಲು ಮಾತಾಡತಕ್ಕದ್ದು. ವಯಸ್ಸು, ಭಾಷೆ, ಬರೆದವರ ಹಿರಿತನ ಇವನ್ನು ಪರಿಗಣಿಸತಕ್ಕದ್ದಲ್ಲ.

2. ಕುಶಲ ವಿಚಾರಣೆಗೆ ಒಂದು ಬಾರಿ ಮಾತ್ರ ಅನುಮತಿ ಇರುತ್ತದೆ. ಮನೆಯವರ ಆರೋಗ್ಯ ಕೇಳುವಂತಿಲ್ಲ. ಪ್ರೋಗ್ರಾಮುಗಳಿಗೆ ಮನೆಯವರಿಲ್ಲವೆಂದು ಪರಿಶೀಲಿಸಿ ದೃಢಪಡಿಸಿಕೊಳ್ಳಲಾಗಿದೆ.

3. ಒಂದು ಭಾಷೆ ಕೊಟ್ಟ ಅಂಕಿಯನ್ನು ಇನ್ನೊಂದು ಭಾಷೆ ಮೂರು ಬಾರಿ "ಬೇಡ ಬೇಡ" ಎನ್ನದೆ ಮೊದಲ ಸಲಕ್ಕೇ ಸ್ವೀಕರಿಸತಕ್ಕದ್ದು.

4. ದೋಷ ಸರಿಪಡಿಸಲು ಹೋದ ಕೆಳಸಹಿದಾರರು ಹಾಗೂ ಗೊಲ್‌ಚಿನ್ ಅವರು ಯಂತ್ರದ ಕೋಣೆಯ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತ ನಲವತ್ತು ನಿಮಿಷ ನಿಂತಿದ್ದರೆಂಬ ಚಹಾದವರ ವರದಿ ನಿಜವೆಂದು ಕಂಡುಬಂದಿದೆ. ಸದರಿ ಬಾಗಿಲನ್ನು ಇಬ್ಬರು ಹಿಡಿಸುವಷ್ಟು ಅಗಲ ಮಾಡತಕ್ಕದ್ದು.

5. ಅಲ್ಲಿಯವರೆಗೆ ತೂಬನ್ನು ಕೈಯಿಂದ ಎತ್ತಬಹುದು. ಇದಕ್ಕೆ ಮೇಲ್ಕಂಡ ಇಬ್ಬರ ಸಹಿಯೂ ಕಡ್ಡಾಯ. ಯಾರು ಮೊದಲು ಎಂಬುದನ್ನು ಅವರ ಸೌಜನ್ಯಕ್ಕೆ ಬಿಡಲಾಗಿದೆ. ಖಾನುಂ ಅವರ ಮುಂದಿನ ಸರದಿ ಇಂದು ಸಂಜೆ ನಾಲ್ಕಕ್ಕೆ. ಇದೂ ತಪ್ಪಿದರೆ ಉಳಿದ ಕಾಯಿಯೂ ಕೈಗೆ ಬಾರದು.

ಸೇರ್ಪಡೆ (3 ಗಂಟೆ 50 ನಿಮಿಷ): ಎರಡು ಗಂಟೆಯಿಂದ ಪೆನ್ನು ಸದರಿ ಇಬ್ಬರ ನಡುವೆ ಮೇಜಿನ ಆಚೆ ಈಚೆ ಓಡಾಡುತ್ತಿದೆ. ಎದುರಿಗೆ ಕಾದು ಕೂತಿದ್ದ ಖಾನುಂ ಅವರು ಎದ್ದು ಆಡಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಆ ಡಬ್ಬಗಳಿಗೆ ಈ ಬುದ್ಧಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ಅಲ್ಲಪ್ಪಾ ಕಾಮ್‌ಯಾರ್, ನನ್ನ ಗಿಡ ಒಣಗ್ತಾ ನಿಂತಿವೆ, ನೀನಿಲ್ಲಿ ಉಪಚಾರ ಮಾಡ್ತಾ ಕೂತಿದೀಯಲ್ಲ! ಕೊಡು ಇಲ್ಲಿ ಆ ಪೆನ್ನು!"

ಕೆಳಸಹಿದಾರರಿಗೆ ನಾಚಿಕೆಯಾಗಿದೆ. ಇದಕ್ಕೆ ನಿಗದಿತ ನಮೂನೆ ಲಭ್ಯವಿರುವುದಿಲ್ಲ.

ಸಹಿ/-
ತೂರಾನ್ ಖಾನುಂ
(ವಿಭಾಗಕ್ಕೆ ಸೇರಿದವರಲ್ಲ)

ಸಹಿ/- ಗೊಲ್‌ಚಿನ್, ನಿವೃತ್ತ ಇಂಜಿನಿಯರ್
ಸಹಿ/- ಕಾಮ್‌ಯಾರ್ ದೆಹ್‌ನಾದಿ, ಕೆಳಸಹಿದಾರರು
(ಇಬ್ಬರೂ ಒಟ್ಟಿಗೆ, ಖಾನುಂ ಅವರು ಒಂದು ಎರಡು ಮೂರು ಎಂದ ಮೇರೆಗೆ)

ಪ್ರತಿಗಳು:
1. ಹಳೆಯ ಹಾಗೂ ಹೊಸ ಪ್ರೋಗ್ರಾಮುಗಳಿಗೆ, ಒಂದೊಂದು. ಹಂಚಿಕೊಳ್ಳಲು ಬಿಡತಕ್ಕದ್ದಲ್ಲ.
2. ಬಡಗಿಗೆ, ಬಾಗಿಲಿನ ಸಲುವಾಗಿ.
3. ಒಂಬತ್ತನೇ ತೂಬಿನ ಕಡತಕ್ಕೆ. ನಾಲ್ಕು ಗಂಟೆಗೆ ತೂಬು ಎತ್ತಲಾಗಿದ್ದು, ಈ ಪ್ರತಿ ಪೂರ್ತಿ ಒದ್ದೆಯಾಗಿದೆ.