ಹಂಡೆ ಹಾಡಿದ ಬೇಸಿಗೆ

ಎರಡನೆಯದೊಂದು ಮನೆ ಇರಬೇಕು ಎಂದು ಆಸೆಪಡುವವರನ್ನು ಕಂಡರೆ ನನಗೆ ಅವರನ್ನು ಕೈಹಿಡಿದು ಕೂರಿಸಿಕೊಂಡು ಬುದ್ಧಿ ಹೇಳಬೇಕೆನ್ನಿಸುತ್ತದೆ. ಇರುವ ಮನೆಯಲ್ಲಿ ನಲ್ಲಿ ಸೋರುವುದು, ಬಾಗಿಲು ಬಿಗಿಯುವುದು, ಇಲಿ ಓಡಾಡುವುದು ಸಾಲದೆಂದು ಇನ್ನೊಂದು ಊರಿನಲ್ಲೂ ಇವನ್ನೆಲ್ಲ ಏರ್ಪಾಡು ಮಾಡಿಕೊಳ್ಳುವುದಕ್ಕೆ ಎರಡನೆಯ ಮನೆ ಎನ್ನುತ್ತಾರೆ. ನನಗೆ ಹೀಗೆ ಹೇಳುವವರು ಯಾರೂ ಸಿಗಲಿಲ್ಲ. ಸಿಕ್ಕಿದ್ದರೂ ನಾನು ಕೇಳುತ್ತಿರಲಿಲ್ಲ, ಏಕೆಂದರೆ ಆ ಮನೆಯ ಮುಂದೆ ಕೆರೆಯಿತ್ತು. ಶಿರಸಿಯ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಅದರ ಮಾಳಿಗೆಯಲ್ಲೇ ಸಂಸಾರ ಹೂಡಿ, ಏಪ್ರಿಲ್ ಬಂತೆಂದರೆ ತಗಡಿನ ಮಾಡಿನ ಕೆಳಗೆ ಬೇಯುವ ಮನುಷ್ಯನಿಗೆ ಎಕ್ಕಂಬಿಯ ಆಚೆ ಕೆರೆದಂಡೆಯ ಮೇಲೆ ಎರಡು ಕೋಣೆ, ಒಂದು ಜಗಲಿ, ಒಂದು ಬಚ್ಚಲುಮನೆ ತೋರಿಸಿದರೆ ತಲೆ ನೆಟ್ಟಗಿರುತ್ತದೆಯೇ? ಕೊಂಡುಬಿಟ್ಟೆ. ಅಂದಿನಿಂದ ಏಪ್ರಿಲ್, ಮೇ ಎರಡು ತಿಂಗಳು ನಾನೂ ನನ್ನ ಹೆಂಡತಿ ನಾಗವೇಣಿಯೂ ಅಲ್ಲಿರುತ್ತೇವೆ. ನಾನು ಅಲ್ಲಿಂದಲೇ ಸ್ಕೂಟರಿನಲ್ಲಿ ಅಂಗಡಿಗೆ ಬಂದುಹೋಗುತ್ತೇನೆ. ಉಳಿದ ಹತ್ತು ತಿಂಗಳು ಕೆರೆಮನೆಗೆ ಬೀಗ.

ಈ ಬೀಗ ತೆಗೆಯುವ ಕೆಲಸವಿದೆಯಲ್ಲ, ಅದನ್ನು ನಾನು ಪ್ರತಿವರ್ಷ ಹೊಸದಾಗಿ ಕಲಿಯುತ್ತೇನೆ. ಮೊದಲು ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಅರ್ಧ ಗಂಟೆ ಅದರ ಮರ್ಜಿ ಕಾಯಬೇಕು. ಬಾಗಿಲು ತೆರೆದ ಕೂಡಲೇ ಬಾವಲಿಯ ವಾಸನೆ. ಹಾಸಿಗೆಯ ಹತ್ತಿಯನ್ನೆಲ್ಲ ಇಲಿಗಳು ಹೊರಗೆ ತೆಗೆದು ಬಾಣಂತನ ಮುಗಿಸಿರುತ್ತವೆ. ಕೆರೆಯಿಂದ ನೀರೆತ್ತುವ ಪಂಪಿನ ಭಾಗಗಳನ್ನು ಕಳೆದ ವರ್ಷ ಜೋಪಾನವಾಗಿ ಬಿಚ್ಚಿಟ್ಟಿರುತ್ತೇನೆ, ಎಲ್ಲಿ ಎಂಬುದು ಮರೆತಿರುತ್ತೇನೆ. ಮರೆಯುತ್ತೇನೆಂದು ಗೊತ್ತಿರುವುದರಿಂದ ಯಾವುದು ಎಲ್ಲಿದೆ ಎಂದು ಒಂದು ಪಟ್ಟಿ ಬರೆದಿಡುವ ಕ್ರಮವೂ ಉಂಟು. ಆ ಪಟ್ಟಿಯನ್ನೂ ಜೋಪಾನವಾಗಿಯೇ ಇಟ್ಟಿರುತ್ತೇನೆ. ಈ ವರ್ಷ ಅದು ಸಿಕ್ಕಿದ್ದು ಅವಲಕ್ಕಿ ಡಬ್ಬಿಯಲ್ಲಿ, ಪಂಪು ಹೇಗೋ ಶುರುವಾದ ಮೇಲೆ. ಮನೆಯ ಎದುರು ಹರದಾರಿ ಅಗಲ ನೀರಿದ್ದೂ ಸಂಜೆಯವರೆಗೆ ನಾವು ಕುಡಿದದ್ದು ಪಕ್ಕದ ಹೊಲದ ಬಸಣ್ಣೆಪ್ಪ ತಂದುಕೊಟ್ಟ ಎರಡು ಕೊಡ ನೀರು. ಬಸಣ್ಣೆಪ್ಪ ನಮ್ಮ ಮನೆಯ ಮೇಲೆ ಒಂದು ಕಣ್ಣಿಟ್ಟಿರುವ ರೈತ. ನನ್ನನ್ನು ಅವನು ಚಾಳೀಸಿನ ಹೆಗಡೇರು ಎನ್ನುತ್ತಾನೆ. ಅವನ ಕಡೆ ಕನ್ನಡಕಕ್ಕೆ ಚಾಳೀಸು ಎಂದೇ ಹೆಸರು.

ಇಡೀ ದಿನ ಗುಡಿಸಿ ಒರೆಸಿದ ನಾಗವೇಣಿಗೆ ಮಂಡಿ ಹಿಡಿದುಕೊಂಡಿತ್ತು. ಅವಳ ಮಂಡಿಗೆ ಮದ್ದು ಒಂದೇ, ಹಂಡೆಯ ಬಿಸಿನೀರು. ಬಚ್ಚಲುಮನೆಯ ಮೂಲೆಯಲ್ಲಿ ಮಣ್ಣಿನ ಒಲೆಯ ಮೇಲೆ ಅರ್ಧ ಹೂತಂತಿರುವ ತಾಮ್ರದ ಹಂಡೆ, ಅದಕ್ಕೊಂದು ಮರದ ಮುಚ್ಚಳ, ಇದನ್ನು ನೋಡಿಯೇ ಅವಳು ಈ ಮನೆಗೆ ಒಪ್ಪಿದ್ದು. ಕೆರೆ ನನಗೆ, ಹಂಡೆ ಅವಳಿಗೆ. ಒಲೆ ಹೊತ್ತಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೇಳಿಕೊಂಡು ನಾನು ತೆಂಗಿನ ಸಿಪ್ಪೆ ಜೋಡಿಸುತ್ತ ಕುಳಿತೆ. ಆಗ ಹಂಡೆ ಗುಂಯ್ ಎಂದು ಹಾಡುವುದು ಕೇಳಿಸಿತು. ತಾಮ್ರದ ಹಂಡೆ ಎಂದರೆ ಹೀಗಿರಬೇಕು, ನೀರು ಕಾಯುವ ಮೊದಲೇ ಹಾಡುತ್ತದೆ ಎಂದು ಮೆಚ್ಚಿಕೊಂಡೆ. ಒಲೆಗೆ ಇನ್ನೂ ಬೆಂಕಿ ಕೊಟ್ಟಿಲ್ಲ, ಹಂಡೆಗೆ ಇನ್ನೂ ನೀರು ಹಾಕಿಲ್ಲ ಎನ್ನುವುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿದೆ. ಮುಚ್ಚಳ ಎಂದಿಗಿಂತ ಭಾರವಾಗಿತ್ತು. ಅದರ ಅಡಿಯಿಂದ ಸಾಲಾಗಿ ಆರೇಳು ಮೇಣದ ಎರಿಗಳು ಇಳಿಬಿದ್ದಿದ್ದವು, ಎರಿಗಳ ತುಂಬ ಜೇನುಹುಳ. ಇಷ್ಟು ಕಾಣುವಷ್ಟರಲ್ಲಿ ಒಂದು ಹುಳ ಬಂದು ನನ್ನ ಎಡಗಣ್ಣಿನ ರೆಪ್ಪೆಗೆ ಕುಟುಕಿತು.

ನೋವಿನಿಂದ ಕೂಗಬೇಕಾದವನು ನಾನು ನಕ್ಕೆ. ನಾಗವೇಣಿ ಗಾಬರಿಯಾದಳು. ನನ್ನ ಈ ನಗುವಿಗೆ ಹತ್ತು ವರ್ಷದ ಹಿನ್ನೆಲೆಯಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಹತ್ತು ವರ್ಷದ ಹಿಂದೆ ನಾನು ಜೇನು ಸಾಕಣೆಯ ಮೂರು ದಿನದ ತರಬೇತಿಗೆ ಹೋಗಿದ್ದೆ. ಪ್ರಮಾಣಪತ್ರ ಕೊಟ್ಟರು. ಅದನ್ನೂ, ಮುಖಕ್ಕೆ ಜಾಳಿಗೆ ಹಾಕಿಕೊಂಡ ನನ್ನ ಫೋಟೋವನ್ನೂ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಪಕ್ಕದಲ್ಲೇ ತೂಗುಹಾಕಿದ್ದೇನೆ. ಕೆಲವು ಗಿರಾಕಿಗಳು ಅದನ್ನು ನೋಡಿ, ಇವರಿಗೆ ಕಣ್ಣಿನ ಆಪರೇಷನ್ ಯಾವಾಗ ಆದದ್ದು ಎಂದು ಕೇಳುವುದುಂಟು. ನಾಗವೇಣಿಯ ಅಣ್ಣ, ನನ್ನ ಹೇರೂರಿನ ಭಾವ, ಹುಟ್ಟಾ ಜೇನು ಸಾಕುವವನು. ನನ್ನ ಉತ್ಸಾಹ ನೋಡಿ ಅವನು ಒಂದು ಪೆಟ್ಟಿಗೆಯಲ್ಲಿ ತುಡುವೆ ಜೇನಿನ ಕುಟುಂಬವೊಂದನ್ನು ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಕೆರೆಮನೆಯ ನೆಲ್ಲಿಮರದ ಕೆಳಗೆ ಇಟ್ಟುಕೊಟ್ಟ. ತುಡುವೆ ಸಾಧು ಪ್ರಾಣಿ, ಅದರ ಪಾಡಿಗೆ ಅದನ್ನು ಬಿಟ್ಟರೆ ಸಾಕು ಎಂದು ಹೇಳಿ ಹೋದ. ಬಿಡಲು ನನಗೆ ಮನಸ್ಸಾಗಬೇಕಲ್ಲ! ಬೆಳಿಗ್ಗೆ ಕ್ಷೇಮ ವಿಚಾರಿಸಲು ಮುಚ್ಚಳ ತೆಗೆದೆ, ಮಧ್ಯಾಹ್ನ ಸೆಕೆಯಾಯಿತೇನೋ ಎಂದು ತೆಗೆದೆ, ಸಂಜೆ ಎಲ್ಲರೂ ಮನೆಗೆ ಬಂದರೋ ಎಂದು ತೆಗೆದೆ. ಎಂಟನೆಯ ದಿನ ತೆಗೆದಾಗ ಒಳಗೆ ಯಾರೂ ಇರಲಿಲ್ಲ.

ಜೇನು ಹೋದದ್ದಕ್ಕೆ ನನಗೆ ಆದ ದುಃಖ ಒಂದು ತಿಂಗಳಿನದು. ಭಾವ ಅದನ್ನು ಕಥೆ ಮಾಡಿದ್ದು ಮಾತ್ರ ಹತ್ತು ವರ್ಷವಾದರೂ ಮುಗಿದಿಲ್ಲ. ಯಾವ ಮನೆಯ ಊಟಕ್ಕೆ ಹೋಗಲಿ, ಪಂಕ್ತಿಯಲ್ಲಿ ಸಿಹಿ ಬರುವ ಹೊತ್ತಿಗೆ ಸರಿಯಾಗಿ ಭಾವ ನನ್ನ ಎಂಟು ದಿನದ ಜೇನು ಸಾಕಣೆಯನ್ನು ಎತ್ತಿಕೊಳ್ಳುತ್ತಾನೆ. ಮದುವೆಯಲ್ಲಿ ಹೇಳಿದ, ಉಪನಯನದಲ್ಲಿ ಹೇಳಿದ, ಒಬ್ಬರ ವೈಕುಂಠ ಸಮಾರಾಧನೆಯಲ್ಲೂ ಹೇಳಿದ, ಸತ್ತವರ ಮಗನೇ ಬಡಿಸುವುದನ್ನು ನಿಲ್ಲಿಸಿ ನಕ್ಕ. ಖಾಲಿ ಪೆಟ್ಟಿಗೆಯನ್ನು ನಾನು ಬಿಸಾಡಲಿಲ್ಲ. ವರ್ಷಾವರ್ಷ ಅದಕ್ಕೆ ಜೇನುಮೇಣ ಸವರಿ ಬಾಗಿಲು ತೆರೆದಿಟ್ಟೆ. ಎಂದಾದರೊಂದು ದಿನ ಜೇನು ತಾನಾಗಿ ಬಂದು ನೆಲೆಸಬೇಕು, ಅದನ್ನು ಭಾವ ಕಣ್ಣಾರೆ ನೋಡಬೇಕು, ಆ ಕಥೆ ಅಲ್ಲಿಗೇ ನಿಲ್ಲಬೇಕು. ನನ್ನ ಆಸೆ ಇಷ್ಟೇ ಇತ್ತು. ಈಗ ಜೇನು ಬಂದಿತ್ತು. ಪೆಟ್ಟಿಗೆ ಬಿಟ್ಟು ಹಂಡೆಗೆ ಬಂದಿತ್ತು ಎಂಬುದು ಸಣ್ಣ ವಿಷಯ. ಭಾವ ಬರುವ ಭಾನುವಾರವೇ ಬರುವವನಿದ್ದ. ಅವತ್ತು ಬುಧವಾರ.

ನಾಗವೇಣಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಪ್ರಮಾಣಪತ್ರ ಪಡೆದವರು ಜೇನನ್ನು ಹಂಡೆಯಿಂದ ಪೆಟ್ಟಿಗೆಗೆ ವರ್ಗಾಯಿಸಬಹುದಲ್ಲ ಎಂದು ಕೇಳಿದಳು. ತರಬೇತಿಯ ಮೂರನೆಯ ದಿನ ಅದನ್ನು ಹೇಳಿಕೊಟ್ಟಿದ್ದರು, ನಾನು ಅವತ್ತು ಫೋಟೋ ತೆಗೆಸುವುದರಲ್ಲಿದ್ದೆ. ಇದನ್ನು ಹೆಂಡತಿಗೆ ಹೇಳಲು ಬರುತ್ತದೆಯೇ? ಈ ಋತುವಿನಲ್ಲಿ ಅವನ್ನು ಕದಲಿಸಬಾರದು ಎಂದೆ.

“ಬಚ್ಚಲಿಗೆ ಒಂದೋ ಅದು, ಒಂದೋ ಆನು,” ಎಂದಳು ಅವಳು. “ಎಂತ ಮಾಡ್ತ್ರಿ, ಹೇಳಿ.”

ಭಾನುವಾರದವರೆಗೆ ಅದು, ಆಮೇಲೆ ನೀನು ಎಂದು ಹೇಳುವ ಧೈರ್ಯ ನನಗೆ ಎಲ್ಲಿಂದ ಬಂತೋ. ಮರುದಿನ ಬಸಣ್ಣೆಪ್ಪನನ್ನು ಸಾಕ್ಷಿಗೆ ಕರೆದೆ. ಅವನು ಚಪ್ಪಲಿ ಕಳಚಿ ಬಚ್ಚಲುಮನೆಯ ಬಾಗಿಲಲ್ಲೇ ನಿಂತು ಹಂಡೆಗೆ ಕೈಮುಗಿದ. ತಾನಾಗಿ ಬಂದು ಕುಂತ ಹುಳಾನ ಎಬ್ಬಿಸಿದರೆ ಮನೆಗೆ ಒಳ್ಳೆಯದಲ್ಲ ಎಂದು ನಾಗವೇಣಿಗೆ ಅವನೇ ತಿಳಿಹೇಳಿದ. ದೀಪಾವಳಿ ಆದ ಮೇಲೆಯೇ ಅವು ಹೊಗೆ ಹೋಗುವ ಕಿಂಡಿಯಿಂದ ಒಳಹೊಕ್ಕಿದ್ದನ್ನು ನೋಡಿದ್ದನಂತೆ. ಹಾಗಾದರೆ ನನಗೊಂದು ಫೋನು ಮಾಡಬಾರದಿತ್ತೇ ಎಂದು ಸಿಟ್ಟಿನಿಂದಲೇ ಕೇಳಿದೆ.

“ನೀವ ಸಾಕೀರಿ ಅನ್ಕೊಂಡಿದ್ದೆರೀ,” ಎಂದ. “ಜೇನಿನ ಸರ್ಟಿಫಿಕೇಟ್ ಐತಿ ಅಂತ ನೀವ ಹೇಳಿದ್ರಿ.”

ಆ ಮೂರು ದಿನ ನಾವು ಬದುಕಿದ ರೀತಿಯನ್ನು ಶತ್ರುಗಳಿಗೂ ಬಯಸಲಾರೆ. ಸ್ನಾನಕ್ಕೆ ಕೆರೆಯ ಮೆಟ್ಟಿಲು. ನಾನು ಮೈಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ ಹೊತ್ತಿಗೇ ಬಸಣ್ಣೆಪ್ಪನ ಎಮ್ಮೆಗಳು ನೀರಿಗಿಳಿಯುತ್ತಿದ್ದವು. ನಾಗವೇಣಿ ಗ್ಯಾಸಿನ ಮೇಲೆ ಅನ್ನದ ಪಾತ್ರೆಯಲ್ಲಿ ನೀರು ಕಾಯಿಸಿ, ಅಡಿಗೆಮನೆಯ ಹಿಂದೆ ಸೀರೆ ಅಡ್ಡ ಕಟ್ಟಿ ಮೀಯುತ್ತಿದ್ದಳು. ಮೀಯುವಾಗ ನನಗೆ ಕೇಳಿಸುವಂತೆ ಮಂಡಿಯ ಸುದ್ದಿ ಹೇಳಿಕೊಳ್ಳುತ್ತಿದ್ದಳು. ಒಲೆಯ ಹತ್ತಿರ ಹೊಗೆಯಾಗುತ್ತದೆಂದು ಊದುಬತ್ತಿಯನ್ನೂ ನಾನು ಹಚ್ಚಗೊಡಲಿಲ್ಲ. ಇಷ್ಟೆಲ್ಲ ಕಾವಲು ಕಾದವನು ನಾನೇ, ಶುಕ್ರವಾರ ಅವಳು ಹೊರಗೆ ಬಟ್ಟೆ ಹರವುತ್ತಿದ್ದಾಗ ಜೇನು ಇದೆಯೋ ಇಲ್ಲವೋ ಎಂದು ಮುಚ್ಚಳವನ್ನು ತುಸು ಎತ್ತಿದೆ. ಇತ್ತು. ಈ ಸಲ ಬಲಗಣ್ಣು. ಎರಡೂ ಕಣ್ಣು ಬಾತುಕೊಂಡು ಮೂಗಿನ ಮೇಲೆ ಕನ್ನಡಕ ಕೂರದೆ, ಸ್ಕೂಟರು ಓಡಿಸಲಾಗದೆ, ಕಣ್ಣಿನ ತೊಂದರೆಯಿಂದಾಗಿ ಅಂಗಡಿ ಮುಚ್ಚಿದೆ ಎಂದು ಚೀಟಿ ಅಂಟಿಸಲು ಶಿರಸಿಯ ಪಕ್ಕದಂಗಡಿಯವನಿಗೆ ಫೋನು ಮಾಡಬೇಕಾಯಿತು. ಅದನ್ನು ಓದಿದವರು ಎಷ್ಟು ನಕ್ಕರೋ ನನಗೆ ತಿಳಿಯದು, ತಿಳಿಯುವುದೂ ಬೇಡ.

ಭಾನುವಾರ ಹನ್ನೊಂದು ಗಂಟೆಗೆ ಭಾವ ಬಂದ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಧೂಳು ಎಂದೆ. ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಡುವುದು ಕ್ರಮವಷ್ಟೆ. ನಾನು ಆದಷ್ಟು ಸಹಜವಾಗಿ, ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಾ ಭಾವ ಎಂದು ಹೇಳಿ ಜಗಲಿಯಲ್ಲಿ ಕುಳಿತೆ. ಬೆಲ್ಲ ನೀರು ತಂದ ನಾಗವೇಣಿಯೂ ನಿಂತಲ್ಲೇ ನಿಂತಳು. ಒಳಗಿನಿಂದ ನೀರಿನ ಸದ್ದು ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಆಮೇಲೆ ಭಾವ ಕಾಲು ತೊಳೆಯದೆಯೇ ಹೊರಗೆ ಬಂದ. ಬರಿಗೈಯಲ್ಲಿ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿ ಬಂದಿದ್ದ, ಒಂದು ಹುಳವೂ ಅವನನ್ನು ಮುಟ್ಟಿರಲಿಲ್ಲ. ಮುಖ ಗಂಭೀರವಾಗಿತ್ತು. ಒಳ್ಳೆಯ ಕುಟುಂಬ, ಎರಿಯ ತುಂಬ ಮೊಟ್ಟೆ, ಮೇಲುಗಡೆ ಜೇನುತುಪ್ಪ, ಇಂಥದ್ದು ನನ್ನ ಪೆಟ್ಟಿಗೆಗಳಲ್ಲೂ ಈ ವರ್ಷ ಇಲ್ಲ ಎಂದ. ಹತ್ತು ವರ್ಷದ ಮೇಲೆ ಈ ಮಾತು! ತಾನಾಗಿಯೇ ನನ್ನ ಮನೆ ಹುಡುಕಿಕೊಂಡು ಬಂತು ನೋಡು ಎಂದೆ.

ಭಾವ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಲೋಟ ಕೆಳಗಿಟ್ಟ. “ಭಾವ, ಇದು ನೀ ಇದ್ದೆ ಹೇಳಿ ಬಂದದ್ದಲ್ಲ,” ಎಂದ. “ನೀ ಇಲ್ಲೆ ಹೇಳಿ ಬಂದದ್ದು.”

ನಾನಿಲ್ಲವೆಂದೇ ಅದು ಬಂದದ್ದು, ಹತ್ತು ತಿಂಗಳು ಯಾರೂ ಕೈಹಾಕದ, ಯಾರೂ ಮುಚ್ಚಳ ತೆಗೆಯದ ಜಾಗ ಸುತ್ತಮುತ್ತ ಎಲ್ಲೂ ಇಲ್ಲ, ಜೇನು ಬುದ್ಧಿವಂತ ಪ್ರಾಣಿ ಎಂದು ವಿವರಿಸಿದ. ಇನ್ನು ನೀನು ಇಲ್ಲಿ ಎರಡು ತಿಂಗಳು ಇದ್ದರೆ ಇದೂ ಎಂಟು ದಿನದ್ದೇ. ಸುಮ್ಮನೆ ಹಾಳಾಗುವುದು ಬೇಡ, ಸಂಜೆಗೆ ಎರಿ ಬಿಡಿಸಿ, ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟಿ, ನಿನ್ನ ಖಾಲಿ ಪೆಟ್ಟಿಗೆಯಲ್ಲೇ ಹೇರೂರಿಗೆ ಒಯ್ಯುತ್ತೇನೆ, ತಂಗಿಗೂ ಬಿಸಿನೀರಾಗುತ್ತದೆ ಎಂದ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಇನ್ನು ನಾಗವೇಣಿಯಂತೂ ತಾನೇ ಬಾಳೆನಾರು ಸೀಳಿಕೊಟ್ಟಾಳು ಎಂದುಕೊಂಡೆ. ಮೂವತ್ತು ವರ್ಷ ಒಟ್ಟಿಗಿದ್ದೂ ನನಗೆ ಹೆಂಡತಿಯ ವಿಷಯದಲ್ಲಿ ಒಂದು ಊಹೆಯೂ ಸರಿಯಾಗುವುದಿಲ್ಲ.

“ಅಣ್ಣಾ, ಈ ಜೇನು ಹೇರೂರಿಗೆ ಬತ್ತಿಲ್ಲೆ,” ಎಂದಳು ಅವಳು. “ನೀ ಕೊಟ್ಟಿದ್ದು ಎಂಟು ದಿನ ಇತ್ತು. ಇದು ತಾನಾಗೇ ಬಂದು ಆರು ತಿಂಗ್ಳಾತು.”

ಹತ್ತು ವರ್ಷ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಆ ಕಥೆ ಕೇಳಿ ತಲೆತಗ್ಗಿಸಿದವಳು ಅವಳೂ ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ನಾನು ಅವಳನ್ನು ಅಭಿಮಾನದಿಂದ ನೋಡಿದೆ, ಬಾತ ಕಣ್ಣಿನಲ್ಲಿ ಎಷ್ಟು ಅಭಿಮಾನ ಕಾಣಿಸುತ್ತದೋ ಅಷ್ಟು. ಭಾವ ಖಾಲಿ ಲೋಟವನ್ನೇ ಎತ್ತಿ ಇನ್ನೊಮ್ಮೆ ಕುಡಿದ. ಆದರೆ ನಾಗವೇಣಿಯ ಮಾತು ಮುಗಿದಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

“ಶುಕ್ರವಾರ ನಿಂಗ ಮುಚ್ಚಳ ಎತ್ತಿದ್ದು ಯಂಗೆ ಗೊತ್ತಿದ್ದು. ನಿಂಗ ಇಲ್ಲಿದ್ರೆ ಅದು ನಿಲ್ತಿಲ್ಲೆ. ಹೊರಡಿ, ಶಿರಸಿಗೆ ಹೋಪನ.”

ಊಟ ಮುಗಿಸಿ ಹೊರಟೆವು. ಬುಧವಾರ ತೆರೆದ ಮನೆಯನ್ನು ಭಾನುವಾರ ಮುಚ್ಚಿದ್ದು ನಮ್ಮ ಇತಿಹಾಸದಲ್ಲಿ ಮೊದಲು. ಪಂಪಿನ ಭಾಗಗಳನ್ನು ಬಿಚ್ಚಿ ಜೋಪಾನ ಮಾಡಿದೆ, ಪಟ್ಟಿ ಬರೆದೆ. ಬೀಗದ ಕೈಯನ್ನು ನಾಗವೇಣಿ ತನ್ನ ಗೊಂಚಲಿಗೆ ಸೇರಿಸಿಕೊಂಡಳು.

ಹೀಗಾಗಿ ಈಗ ಮೇ ತಿಂಗಳ ನಡುವಿನಲ್ಲಿ ನಾನು ತಗಡಿನ ಮಾಡಿನ ಕೆಳಗೆ ಬನಿಯನ್ನಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕೆರೆಯ ಗಾಳಿ, ಬಚ್ಚಲುಮನೆಯ ತಂಪು, ತಾಮ್ರದ ಹಂಡೆ ಎಲ್ಲವೂ ಜೇನುಗಳ ಪಾಲಾಗಿದೆ. ಹಳೆಯ ಕಥೆಯನ್ನು ಭಾವ ನಿಲ್ಲಿಸಿದ್ದಾನೆ, ಅದು ನಿಜ. ಕಳೆದ ವಾರ ಮಂಚಿಕೇರಿಯ ಮದುವೆಯೊಂದರಲ್ಲಿ ಹೋಳಿಗೆ ಬರುವ ಹೊತ್ತಿಗೆ ಅವನು ಹೊಸದನ್ನು ಶುರುಮಾಡಿದ. ನಮ್ಮ ಭಾವನಷ್ಟು ಚೆನ್ನಾಗಿ ಜೇನು ಸಾಕುವವರು ಈ ಮೂರು ತಾಲೂಕಿನಲ್ಲಿ ಇಲ್ಲ, ಇಪ್ಪತ್ತು ಮೈಲಿ ದೂರ ಇದ್ದುಬಿಟ್ಟರೆ ಸಾಕು ಎಂದು. ಹಳೆಯದಕ್ಕಿಂತ ಹೆಚ್ಚು ಜನ ನಕ್ಕರು. ಈ ಸಲ ನಾಗವೇಣಿಯೂ ನಕ್ಕಳು. ಬಸಣ್ಣೆಪ್ಪ ವಾರಕ್ಕೊಮ್ಮೆ ಫೋನು ಮಾಡಿ ವರದಿ ಕೊಡುತ್ತಾನೆ. ನಿನ್ನೆ ಮಾಡಿದಾಗ, ಒಂದು ಗಳಿಗೆ ಬಂದು ಹೊರಗಿನಿಂದಲೇ ನೋಡಿ ಹೋಗಲೇ ಎಂದು ಹೆಂಡತಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದೆ.

“ಬ್ಯಾಡ್ರೀ,” ಎಂದ. “ಎಲ್ಲಾ ಚೊಲೋ ನಡದೈತಿ.”