ನೀರಾನೆಗೆ ಎದುರಾಗಿ ಆಕಳಿಸಿದ್ದು

ಮಿಮಿಕ್ರಿ ಮಾಡುವವನಿಗೆ ನೋಡಿದ್ದೆಲ್ಲ ಮೈಗೆ ಹತ್ತುತ್ತದೆ, ತಲೆಗೆ ಹತ್ತುವುದಿಲ್ಲ. ನನ್ನ ಮಟ್ಟಿಗಂತೂ ಇದು ಖಂಡಿತ. ಕಾಡಿನ ನೀರಾನೆಗಳ ಬಗ್ಗೆ ನನ್ನಷ್ಟು ಪಾಠ ಕೇಳಿದ ತುಳುವ ಇಡೀ ಮಸ್ಕತ್ತಿನಲ್ಲಿ ಇನ್ನೊಬ್ಬನಿರಲಾರ. ಅಷ್ಟು ಕೇಳಿಯೂ ನೀರಾನೆಗೆ ಅಡ್ಡ ನಿಂತು ತಂಗಿಯ ಮದುವೆ ತಪ್ಪಿಸಿಕೊಂಡೆ.

ಪಾಠ ಹೇಳಿದವರು ಅಲ್ ಖುವೈರಿನ ನಮ್ಮ ಆಫೀಸಿನಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದ ಖಮೀಸ್. ಒಮಾನಿಯಾದರೂ ಅವರು ಹುಟ್ಟಿ ಬೆಳೆದದ್ದು ಆಫ್ರಿಕಾದ ಒಂದು ನದಿ ದಂಡೆಯಲ್ಲಿ. ಅಲ್ಲಿ ಅವರಪ್ಪನಿಗೆ ಅಂಗಡಿಯಿತ್ತು. ಚಹಾದ ಹೊತ್ತಿಗೆ ಹಿಂದಿಯಲ್ಲಿ ಶುರುಮಾಡುತ್ತಿದ್ದರು. "ದೇಖೋ ಭಾಯ್, ಸಿಂಹಕ್ಕೆ ಹೆದರಬೇಡ, ಕಿಬೋಕೋಗೆ ಹೆದರು." ಕಿಬೋಕೋ ಎಂದರೆ ಅವರ ಸ್ವಾಹಿಲಿಯಲ್ಲಿ ನೀರಾನೆ. ಹಗಲಿಡೀ ಕಿವಿ, ಮೂಗು ಮಾತ್ರ ಮೇಲಿಟ್ಟು ನೀರಿನಲ್ಲಿ ಬಿದ್ದಿರುತ್ತದಂತೆ. ಕತ್ತಲಾದ ಮೇಲೆ ದಡ ಹತ್ತಿ ಹುಲ್ಲು ಮೇಯುತ್ತದಂತೆ. ತಿನ್ನುವುದು ಶುದ್ಧ ಶಾಕಾಹಾರ, ಕೊಲ್ಲುವುದಕ್ಕೆ ಮಾತ್ರ ಯಾವ ವ್ರತವೂ ಇಲ್ಲ. ಮರಿ ಜೊತೆಗಿದ್ದರೆ ದೋಣಿಯನ್ನೇ ಮಗುಚುತ್ತದೆ. ಆ ದೇಹ ಹೊತ್ತುಕೊಂಡು ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಅದಕ್ಕೂ ನೀರಿಗೂ ನಡುವೆ ನಿಲ್ಲುವುದು. "ಅದಕ್ಕೆ ನಿನ್ನ ಮೇಲೆ ದ್ವೇಷವಿಲ್ಲ. ಮನೆಗೆ ಹೋಗಬೇಕು, ನೀನು ಅಡ್ಡ ಇದ್ದಿ, ಖಲಾಸ್" ಎನ್ನುತ್ತಿದ್ದರು ಖಮೀಸ್. ಇನ್ನು ಅದರ ಆಕಳಿಕೆ. ನೋಡಿದವರು ಪಾಪ, ನಿದ್ದೆ ಬಂದಿದೆ ಅಂದುಕೊಳ್ಳುತ್ತಾರೆ. ನಿದ್ದೆಯಲ್ಲ, ಕೋರೆ ತೋರಿಸುವುದು. ಎರಡು ಗಂಡುಗಳು ಎದುರುಬದುರು ಬಾಯಿ ತೆರೆದರೆ, ಸೋತದ್ದು ಬಾಯಿ ಮುಚ್ಚಿ ಪಕ್ಕಕ್ಕೆ ಸರಿಯಬೇಕು.

ನಾನು ಇದರಲ್ಲಿ ಕಲಿತದ್ದು ಆಕಳಿಕೆಯೊಂದೇ. ಕುರ್ಚಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಗದ್ದ ಎದೆಗೆ ತಾಗುವಷ್ಟು ಬಾಯಿ ತೆರೆದು, ಕಣ್ಣು ಮಾತ್ರ ಪಿಳಿಪಿಳಿ ಮಾಡುತ್ತಿದ್ದೆ. ಬಾಲ ಬೀಸಿ ಸಗಣಿ ಎರಚಿ ಗಡಿ ಗುರುತಿಸುವುದನ್ನು ಧೂಳು ಹೊಡೆಯುವ ಬಟ್ಟೆ ಹಿಡಿದು ಮಾಡಿ ತೋರಿಸಿದಾಗ ಅಕೌಂಟ್ಸಿನವರು ಚಹಾದ ಲೋಟ ಮುಚ್ಚಿಕೊಂಡಿದ್ದರು. ಊಟಕ್ಕೆ ಕೂತ ನನಗೂ ನೀರಾನೆಗೂ ಏನು ವ್ಯತ್ಯಾಸ ಎಂದು ನನ್ನನ್ನೂ ಆಡಿಕೊಳ್ಳುತ್ತಿದ್ದೆ.

ನಮ್ಮ ಮ್ಯಾನೇಜರು ಮಂಗಳೂರಿನ ಪಿಂಟೋ. ಅವರು ಒಪ್ಪದೆ ಯಾರಿಗೂ ರಜೆಯಿಲ್ಲ, ರಜೆಯಿಲ್ಲದೆ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಬಳಿಯಿದ್ದ ಪಾಸ್‌ಪೋರ್ಟ್ ಕೈಗೆ ಬರುವುದಿಲ್ಲ. ಆಗ ನಮಗೆಲ್ಲ ಬೆಳಗ್ಗೆ ಒಂದು ಪಾಳಿ, ಸಂಜೆ ಇನ್ನೊಂದು. ನಡುವೆ ಊಟ, ನಿದ್ದೆ. ಒಂದು ಗಂಟೆಯಾದದ್ದೇ ತಡ, ಪಿಂಟೋ ಕಾರಿನ ಕೀಲಿ ಹಿಡಿದು ಎದ್ದುಬಿಡುತ್ತಿದ್ದರು. ಮಧ್ಯಾಹ್ನದ ಆ ನಿದ್ದೆಯೇ ಅವರ ನದಿ. ಮದುವೆ ಹತ್ತಿರ ಬರುತ್ತಿತ್ತು, ಊರಿನಲ್ಲಿ ಧಾರೆಗೆ ಅಣ್ಣ ಬಂದೇ ಬರುತ್ತಾನೆಂದು ತಂಗಿ ವಿಮಲ ಎಲ್ಲರಿಗೂ ಹೇಳಿಟ್ಟಿದ್ದಳು. ನಾನು ಹೋಗಿ ಹೋಗಿ ಆ ಹೊತ್ತಿಗೇ ಬಾಗಿಲಿಗೆ ಅಡ್ಡ ನಿಂತೆ.

"ದಾನೆ ಮಾರಾಯ?" ಏನೆಂದು ತುಳುವಿನಲ್ಲೇ ಕೇಳಿ ಪಿಂಟೋ ದೊಡ್ಡದಾಗಿ ಆಕಳಿಸಿದರು.

ಆಕಳಿಕೆ ಅಂಟುವ ರೋಗ. ಬಾಯಿ ಮುಚ್ಚಿಕೊಳ್ಳಬೇಕೆಂದು ಮನಸ್ಸು ಹೇಳುತ್ತಿತ್ತು. ಆದರೆ ವಾರಗಟ್ಟಲೆ ಪಳಗಿದ್ದ ಗದ್ದ ತಾನಾಗಿ ಕೆಳಗಿಳಿಯಿತು, ಕಣ್ಣು ತಾನಾಗಿ ಪಿಳಿಪಿಳಿಗುಟ್ಟಿತು. ಹಿಂದೆ ಅಕೌಂಟ್ಸಿನವರು ಗೊಳ್ಳೆಂದರು. ಪಿಂಟೋ ಬಾಯಿ ಮುಚ್ಚಿದರು. ಆದರೆ ಪಕ್ಕಕ್ಕೆ ಸರಿಯಲಿಲ್ಲ.

"ಸರ್, ತಂಗಿಯ ಮದುವೆ..."

"ನಿಂಗೆ ತಂಗಿ ಇದ್ದಾಳಾ, ಅದೂ ನಾಟಕವಾ? ಸ್ಟಾಕ್ ಎಣಿಸಿ ಮುಗೀಲಿ, ಮತ್ತೆ ನೋಡುವಾ."

ನಾನು ಆಣೆ ಹಾಕಿದೆ. ನನ್ನ ಆಣೆಯನ್ನು ನಂಬುವವರು ಆ ಆಫೀಸಿನಲ್ಲಿ ಯಾರಿದ್ದರು? ಖಮೀಸ್ ಹೋಗಿ ನನ್ನ ಪರವಾಗಿ ಮಾತಾಡಿ ಬಂದು, "ಗಾಯಗೊಂಡ ಕಿಬೋಕೋ ಭಾಯ್, ಈಗ ಹತ್ತಿರ ಹೋಗಬೇಡ" ಎಂದರು. ಸ್ಟಾಕ್ ಎಣಿಸಿ ಮುಗಿಯುವಷ್ಟರಲ್ಲಿ ವಿಮಲ ಗಂಡನ ಮನೆ ಸೇರಿದ್ದಳು.

ಮದುವೆಯ ವಿಡಿಯೋ ಕ್ಯಾಸೆಟ್ ಬಂತು. ನಮ್ಮ ಬಳಗದಲ್ಲಿ ವಿಸಿಆರ್ ಇದ್ದದ್ದು ಪಿಂಟೋ ಮನೆಯಲ್ಲಿ ಮಾತ್ರ. ಶುಕ್ರವಾರ ತಲೆ ತಗ್ಗಿಸಿಕೊಂಡು ಹೋದೆ. ಟೀವಿಯಲ್ಲಿ ಧಾರೆ ಮುಗಿದು ಊಟದ ಹೊತ್ತಿಗೆ ಬೀಗರು ಅಣ್ಣ ಎಲ್ಲಿ ಎಂದು ಕೇಳಿದಾಗ, ಮದುಮಗಳು ಬಾಳೆಹಣ್ಣೊಂದನ್ನು ಫೋನಿನ ಹಾಗೆ ಕಿವಿಗಿಟ್ಟುಕೊಂಡಳು. ಗಂಟಲು ಸರಿಮಾಡಿಕೊಂಡು, "ಹಲೋ ಅಮ್ಮ, ಕೇಳ್ತದಾ? ಧಾರೆಗೆ ಬಂದೇ ಬರ್ತೇನೆ" ಎಂದಳು. ಥೇಟ್ ನನ್ನ ದನಿ. ಚಪ್ಪರವಿಡೀ ನಕ್ಕಿತು. ಅವಳು ಮಾತ್ರ ನಗದೆ ಹಣ್ಣನ್ನು ಎಲೆಯ ಮೇಲಿಟ್ಟು ಆಚೆ ನೋಡಿದಳು.

"ಸುಳ್ಳು ಹೇಳುವ ಮೊದಲು ಇವನು ಗಂಟಲು ಸರಿಮಾಡುವುದು ಹೌದು," ಎಂದು ಪಿಂಟೋ ಹೆಂಡತಿಗೆ ಹೇಳಿ, ರಿವೈಂಡ್ ಮಾಡಿ ಇನ್ನೊಮ್ಮೆ ನೋಡಿದರು. ಈ ಸಲ ಅವರೂ ನಗಲಿಲ್ಲ. "ತಂಗಿ ಇದ್ದದ್ದು ನಿಜ ಹಾಗಾದ್ರೆ. ಒಂದು ವಾರ ಬಿಡ್ಬಹುದಿತ್ತು ಮಾರಾಯ. ಬೇಸರ ಆಯ್ತಾ?"

ನಾನು ಗಂಟಲು ಸರಿಮಾಡಿಕೊಂಡು, "ಇಲ್ಲ ಸರ್" ಎಂದೆ.